ಗಡಿ ದಾಟದ ಮಾಸಾಶನ

ಪುಣೆಯ ನಮ್ಮ ಬಡಾವಣೆಯ ಅಂಚಿನಲ್ಲಿ, ಉತ್ತರ ಕರ್ನಾಟಕದ ಹಳ್ಳಿಯೊಂದರಿಂದ ಬಂದ ತಾಯಿಯೊಬ್ಬರು ಮನೆಯಲ್ಲೇ ರೊಟ್ಟಿ ತಟ್ಟಿ ಮಾರಿ ಬದುಕು ಸಾಗಿಸುತ್ತಾರೆ. ಇಪ್ಪತ್ತೆರಡು ವರ್ಷದ ಮಗನಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಊಟ, ಸ್ನಾನ, ಮಗ್ಗುಲು ಬದಲಿಸುವುದು ಎಲ್ಲಕ್ಕೂ ತಾಯಿಯ ಕೈಯೇ ಬೇಕು. ಗಂಡ ತೀರಿಕೊಂಡ ಮೇಲೆ ಅಣ್ಣನ ಆಸರೆ ಅರಸಿ ಆರು ವರ್ಷಗಳ ಹಿಂದೆ ಅವರು ಇಲ್ಲಿಗೆ ಬಂದರು. ಊರಿನಲ್ಲಿ ಮಗನ ಹೆಸರಿಗೆ ಬರುತ್ತಿದ್ದ ಮಾಸಾಶನ, ಪರಿಶೀಲನೆಗೆ ಬಂದವರು ಬಾಗಿಲಿಗೆ ಬೀಗ ಕಂಡ ಮೇಲೆ ನಿಂತುಹೋಯಿತು. ಇಲ್ಲಿ ಅರ್ಜಿ ಹಾಕಲು ಹೋದಾಗ ಎದುರಾದ ಮೊದಲ ಪ್ರಶ್ನೆ, ‘ಈ ರಾಜ್ಯದಲ್ಲಿ ಎಷ್ಟು ವರ್ಷದಿಂದ ಇದ್ದೀರಿ?’ ಎಂಬುದು. ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಗೆ ಹದಿನೈದು ವರ್ಷಗಳ ವಾಸ್ತವ್ಯ ಬೇಕು. ಅಂದರೆ ಇನ್ನೂ ಒಂಬತ್ತು ವರ್ಷ. ಅಷ್ಟು ಹೊತ್ತಿಗೆ ಮಗನನ್ನು ಎತ್ತಿ ಕೂರಿಸುವ ಆ ತೋಳುಗಳಲ್ಲಿ ಬಲ ಎಷ್ಟು ಉಳಿದಿರುತ್ತದೆಯೋ!

ಕಾನೂನಿನ ಅಕ್ಷರವನ್ನು ನೋಡಿದರೆ ಈ ಕುಟುಂಬಕ್ಕೆ ಕೊರತೆಯೇ ಇರಬಾರದು. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇಪ್ಪತ್ತೊಂದನ್ನು ಗುರುತಿಸಿತು. ಸರ್ಕಾರಿ ಉದ್ಯೋಗದಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ ನೀಡಿತು. ಅಂಗವೈಕಲ್ಯದ ಪ್ರಮಾಣಪತ್ರ ಇಡೀ ದೇಶದಲ್ಲಿ ಊರ್ಜಿತ ಎಂದು ಸ್ಪಷ್ಟವಾಗಿ ಸಾರಿತು. ಇತರರಿಗಿರುವ ಸಾಮಾಜಿಕ ಭದ್ರತಾ ಯೋಜನೆಗಳಿಗಿಂತ ಅಂಗವಿಕಲರಿಗೆ ಕೊಡುವ ನೆರವು ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು ಎಂದೂ ಹೇಳಿತು. ಹಾಗಿದ್ದೂ ಪ್ರಮಾಣಪತ್ರ ಗಡಿ ದಾಟುತ್ತದೆ, ಅದರ ಫಲ ದಾಟುವುದಿಲ್ಲ. ಯುಡಿಐಡಿ ಕಾರ್ಡು ದೇಶಕ್ಕೆಲ್ಲ ಒಂದೇ ಎನ್ನುತ್ತಾರೆ. ಆದರೆ ಆ ಹುಡುಗನ ಕಾರ್ಡಿನ ಸಂಖ್ಯೆ ಆರಂಭವಾಗುವುದೇ ಕರ್ನಾಟಕವನ್ನು ಸೂಚಿಸುವ ಎರಡು ಅಕ್ಷರಗಳಿಂದ. ಅವನ ಸ್ಥಿತಿಗೆ ಆ ಎರಡು ಅಕ್ಷರಗಳೇ ರೂಪಕ.

ಇದರ ಬೇರು ಸಂವಿಧಾನದ ಏಳನೆಯ ಅನುಸೂಚಿಯಲ್ಲಿದೆ. ಅಂಗವಿಕಲರಿಗೆ ಪರಿಹಾರ ಒದಗಿಸುವುದು ರಾಜ್ಯಪಟ್ಟಿಯ ಒಂಬತ್ತನೆಯ ವಿಷಯ. ಹೀಗಾಗಿ ಹಕ್ಕನ್ನು ಸಂಸತ್ತು ಘೋಷಿಸುತ್ತದೆ, ಹಣವನ್ನು ಬಹುಪಾಲು ರಾಜ್ಯಗಳು ಕೊಡುತ್ತವೆ. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯ ಪಾಲು ತಿಂಗಳಿಗೆ ಮುನ್ನೂರು ರೂಪಾಯಿ. ಅದೂ ಬಡತನ ರೇಖೆಗಿಂತ ಕೆಳಗಿದ್ದು, ಶೇ. 80ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳ ವಯಸ್ಕರಿಗೆ ಮಾತ್ರ. 2012ರಲ್ಲಿ ನಿಗದಿಯಾದ ಈ ಮೊತ್ತ ಇಂದು ಹತ್ತು ದಿನದ ಹಾಲಿಗೂ ಸಾಲದು. ಮಿಕ್ಕಿದ್ದು ರಾಜ್ಯಗಳ ಔದಾರ್ಯಕ್ಕೆ ಬಿಟ್ಟದ್ದು. ತೆಲಂಗಾಣ 2023ರಲ್ಲಿ ಅಂಗವಿಕಲರ ಮಾಸಾಶನವನ್ನು 4,016 ರೂಪಾಯಿಗೆ ಏರಿಸಿತು. ಮರುವರ್ಷ ಆಂಧ್ರಪ್ರದೇಶ 6,000ಕ್ಕೆ ಏರಿಸಿತು. ದೆಹಲಿಯ ಯೋಜನೆಗೆ ಐದು ವರ್ಷಗಳ ವಾಸ್ತವ್ಯ ಬೇಕು. ಒಂದೇ ದೇಹ, ಒಂದೇ ನೋವು. ಆದರೆ ರೈಲು ಯಾವ ನಿಲ್ದಾಣದಲ್ಲಿ ಇಳಿಸಿತು ಎಂಬುದರ ಮೇಲೆ ಅದರ ಬೆಲೆ ನಿರ್ಧಾರವಾಗುತ್ತದೆ.

ರಾಜ್ಯಗಳ ಮೊತ್ತ ಬೇರೆ ಬೇರೆಯಾಗಿರುವುದನ್ನು ನಾನು ಆಕ್ಷೇಪಿಸುತ್ತಿಲ್ಲ. ಹೆಚ್ಚು ಕೊಡುವ ರಾಜ್ಯವನ್ನು ಅಭಿನಂದಿಸಬೇಕು. ನನ್ನ ಆಕ್ಷೇಪ ಇರುವುದು, ಒಂದು ರಾಜ್ಯ ಕೈಬಿಟ್ಟ ದಿನಕ್ಕೂ ಇನ್ನೊಂದು ರಾಜ್ಯ ಕೈಹಿಡಿಯುವ ದಿನಕ್ಕೂ ನಡುವೆ ಬಾಯ್ದೆರೆದಿರುವ ಕಂದಕದ ಬಗ್ಗೆ. ಊರು ಬಿಟ್ಟವರ ಪಾಲಿಗೆ ಆ ಅವಧಿಯಲ್ಲಿ ಯಾವ ಸರ್ಕಾರವೂ ಇರುವುದಿಲ್ಲ.

ಸರ್ಕಾರಕ್ಕೆ ಈ ಕಷ್ಟ ಅರಿವಿಗೆ ಬಂದಿಲ್ಲವೆಂದಲ್ಲ. ಅಂಗವಿಕಲ ಮಗುವನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರಿ ನೌಕರರಿಗೆ ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ನೀಡಬಹುದೆಂದು 2014ರ ಜೂನ್‌ನಲ್ಲೇ ಆದೇಶ ಹೊರಟಿದೆ. ಊರು ಬದಲಾದರೆ ಚಿಕಿತ್ಸೆ, ಶಾಲೆ, ನೆರೆಹೊರೆಯ ಆಸರೆ ಎಲ್ಲವೂ ಕಡಿದುಹೋಗುತ್ತವೆ ಎಂಬ ವಿವೇಕ ಆ ಆದೇಶದ ಹಿಂದಿದೆ. ಆದರೆ ಹೋಟೆಲಿನ ಅಡುಗೆಯವರಿಗೆ, ಕಟ್ಟಡ ಕೆಲಸದವರಿಗೆ, ರೊಟ್ಟಿ ತಟ್ಟುವ ವಿಧವೆಗೆ ವಿನಾಯಿತಿ ಬರೆದುಕೊಡುವವರು ಯಾರು? ಅವರನ್ನು ವರ್ಗಾಯಿಸುವುದು ಹಸಿವು.

ಗಡಿ ದಾಟಿಸುವುದು ಅಸಾಧ್ಯವೂ ಅಲ್ಲ. ಪಡಿತರವೂ ಒಂದು ಕಾಲದಲ್ಲಿ ಊರಿನ ಅಂಗಡಿಗೇ ಕಟ್ಟಿಬಿದ್ದಿತ್ತು. 2019ರಲ್ಲಿ ಕೆಲವೇ ರಾಜ್ಯಗಳಲ್ಲಿ ಶುರುವಾದ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿತು. ಇಂದು ಬಿಹಾರದ ಚೀಟಿಗೆ ಪುಣೆಯಲ್ಲಿ ಅಕ್ಕಿ ಸಿಗುತ್ತದೆ. ಅಕ್ಕಿಗೆ ಸಾಧ್ಯವಾದದ್ದು ಮಾಸಾಶನಕ್ಕೆ ಏಕೆ ಆಗಬಾರದು?

ಹೆಚ್ಚು ಹಣ ಕೊಡುವ ರಾಜ್ಯಕ್ಕೆ ಜನ ಮುಗಿಬೀಳುತ್ತಾರೆ, ಎರಡು ಕಡೆ ಹಣ ಪಡೆಯುತ್ತಾರೆ ಎಂಬುದು ಆಡಳಿತದ ಭಯ. ಎರಡನೆಯದಕ್ಕೆ ಉತ್ತರ ಯುಡಿಐಡಿಯಲ್ಲೇ ಇದೆ. ಒಬ್ಬರಿಗೆ ಒಂದೇ ಸಂಖ್ಯೆ ಇರುವಾಗ ಒಂದೇ ಕಡೆ ಪಾವತಿಯಾಗುವಂತೆ ನೋಡಿಕೊಳ್ಳುವುದು ಕಷ್ಟವಲ್ಲ. ಇನ್ನು ಮೊದಲನೆಯ ಭಯ: ಹಾಸಿಗೆ ಹಿಡಿದ ಮಗನನ್ನು ಹೊತ್ತು, ಎರಡು ಸಾವಿರ ರೂಪಾಯಿಯ ಆಸೆಗೆ ಗೊತ್ತಿಲ್ಲದ ಊರಿಗೆ ಗುಳೆ ಹೋಗುವ ತಾಯಿ ಯಾರಾದರೂ ಇದ್ದರೆ, ಅವಳ ಬಡತನ ಎಂಥದಿರಬೇಕೆಂದು ನಾವು ಕೇಳಿಕೊಳ್ಳಬೇಕು.

ಆಗಬೇಕಾದದ್ದು ಮೂರು ಕೆಲಸ. ಕೇಂದ್ರದ ಪಾಲು ಮುನ್ನೂರು ರೂಪಾಯಿಯ ಅಣಕದಿಂದ ಮೇಲೇರಿ, ವ್ಯಕ್ತಿ ಎಲ್ಲಿ ಹೋದರೂ ಹಿಂಬಾಲಿಸಬೇಕು. ಹೊಸ ರಾಜ್ಯದ ಮಾಸಾಶನ ಆರಂಭವಾಗುವ ತನಕ ಹಳೆಯ ರಾಜ್ಯ ತನ್ನದನ್ನು ನಿಲ್ಲಿಸಬಾರದು. ವಾಸ್ತವ್ಯದ ಷರತ್ತು ಹದಿನೈದು ವರ್ಷದಿಂದ ಒಂದು ವರ್ಷಕ್ಕೆ ಇಳಿಯಬೇಕು.

ನಾಲ್ಕನೆಯದೊಂದು ಕೆಲಸವಿದೆ, ಅದು ನಮ್ಮದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಕನ್ನಡ ಸಂಘಗಳಿವೆ. ರಾಜ್ಯೋತ್ಸವ ಮಾಡುತ್ತೇವೆ, ಕವಿಗೋಷ್ಠಿ ನಡೆಸುತ್ತೇವೆ, ಮಾಡಲೇಬೇಕು. ಅದರ ಜೊತೆಗೆ ತಿಂಗಳಿಗೊಂದು ಭಾನುವಾರ, ಅರ್ಜಿಯ ಭಾಷೆ ಓದಲು ಬಾರದ ನಮ್ಮವರ ಪಕ್ಕ ಕುಳಿತು ಒಂದು ನಮೂನೆ ತುಂಬಿಕೊಡಲಾರೆವೆ? ಮೊನ್ನೆ ಆ ತಾಯಿಯ ಮನೆಗೆ ಹೋಗಿದ್ದಾಗ ಮರಾಠಿಯ ಅರ್ಜಿಯೊಂದು ಗೋಡೆಯ ಮೊಳೆಗೆ ಸಿಕ್ಕಿಸಿದ್ದು ಕಂಡಿತು. ಯಾರೋ ಕೊಟ್ಟದ್ದಂತೆ. ಎರಡು ವರ್ಷದಿಂದ ಅದು ಹಾಗೆಯೇ ಖಾಲಿ ತೂಗುತ್ತಿತ್ತು.