ನಾಟಕದ ಪಾಠವೂ ತೆರೆಯ ಮೇಲಿನ ಗುರುವೂ

ನಮ್ಮ ಪ್ರಾಚೀನ ಲಾಕ್ಷಣಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡು ಬಗೆಯಾಗಿ ವಿಂಗಡಿಸಿದರು. ನಾಟಕವು ದೃಶ್ಯಕಾವ್ಯ, ಕಣ್ಣಿಗೂ ಕಿವಿಗೂ ಒಮ್ಮೆಗೇ ಒದಗತಕ್ಕದ್ದು. ನಮ್ಮ ಶಾಲೆಗಳಾದರೋ ಬಹುಕಾಲದಿಂದ ಮೂರನೆಯದೊಂದು ಬಗೆಯನ್ನು ಬೆಳೆಸಿಕೊಂಡು ಬಂದಿವೆ. ಅದನ್ನು ಪ್ರಶ್ನೋತ್ತರ ಕಾವ್ಯವೆನ್ನಬಹುದು. ಈ ಮಾತನ್ನು ಯಾರು ಯಾರಿಗೆ ಹೇಳಿದರು, ಇದರ ಸ್ವಾರಸ್ಯವೇನು ಎಂಬೆರಡು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡರೆ ನಾಟಕದ ಪಾಠ ಮುಗಿಯಿತು. ಆ ಮಾತನ್ನು ಆಡಿದವನ ದನಿ ಹೇಗಿದ್ದೀತು, ಕೇಳಿದವನ ಮುಖ ಹೇಗೆ ಬದಲಾಗಿದ್ದೀತು ಎಂಬುದು ಪರೀಕ್ಷೆಗೆ ಬೇಡ. ಆದುದರಿಂದ ತರಗತಿಗೂ ಬೇಡವಾಯಿತು. ಈಗ ನೇರ ವಿಡಿಯೊ ಪಾಠವೆಂಬ ಹೊಸ ಸಾಧನ ನಮ್ಮ ಕೈಗೆ ಬಂದಿದೆ. ಇದು ದೃಶ್ಯಕಾವ್ಯವನ್ನು ಮತ್ತೆ ದೃಶ್ಯವಾಗಿಸೀತೆ, ಅಥವಾ ಪ್ರಶ್ನೋತ್ತರವನ್ನೇ ಇನ್ನಷ್ಟು ದೂರಕ್ಕೆ ಸಾಗಿಸೀತೆ ಎಂಬುದು ಇಂದು ವಿಚಾರಮಾಡಬೇಕಾದ ಪ್ರಶ್ನೆ.

ನಮ್ಮ ಸೀಮೆಗೆ ಈ ಪ್ರಶ್ನೆ ಕೇವಲ ಪಂಡಿತರ ಚರ್ಚೆಯಲ್ಲ. ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಬಯಲುಸೀಮೆಯ ಒಣನೆಲ, ಊರಿಂದೂರಿಗೆ ದೂರ. ಬಹುಮಟ್ಟಿಗೆ ಆಂಧ್ರಪ್ರದೇಶದಿಂದ ಸುತ್ತುವರಿದಿರುವ ಪಾವಗಡ ತಾಲ್ಲೂಕಿನಲ್ಲಿ ಮನೆಯೊಳಗೆ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡವನ್ನೋದುವ ಮಕ್ಕಳು ಅನೇಕರು. ಅಂಥ ಮಗುವಿಗೆ ಒಳ್ಳೆಯ ಕನ್ನಡ ಸಂಭಾಷಣೆಯ ಏರಿಳಿತ ಕಿವಿಗೆ ಬೀಳುವ ತಾಣ ತರಗತಿಯೊಂದೇ. ಅಲ್ಲಿನ ಉಪಾಧ್ಯಾಯರು ಸಂಕೋಚದವರಾಗಿದ್ದರೆ, ಅಥವಾ ಹುದ್ದೆಯೇ ಖಾಲಿಯಾಗಿದ್ದರೆ, ನಾಟಕದ ಪುಟಗಳು ಮೌನವಾಗಿಯೇ ಮಗುಚಿಹೋಗುತ್ತವೆ. ಇಂಥ ಕಡೆಗೆ ದೂರದ ಒಳ್ಳೆಯ ವಾಚಕನೊಬ್ಬನ ದನಿಯನ್ನು ತಂದುಕೊಡುವ ಯಂತ್ರವನ್ನು ಬೇಡವೆನ್ನುವುದು ವಿವೇಕವಲ್ಲ.

ಯಂತ್ರದ ಮೂಲಕ ಪಾಠ ನಮಗೆ ತೀರ ಹೊಸದೂ ಅಲ್ಲ. ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ 2004ರಲ್ಲಿ ಆಕಾಶಕ್ಕೇರಿತು. ಚಾಮರಾಜನಗರ ಜಿಲ್ಲೆಯ ಶಾಲೆಗಳು ಅದರ ಪಾಠಗಳನ್ನು ಕಂಡವು. 2020ರ ಸಾಂಕ್ರಾಮಿಕದ ಕಾಲದಲ್ಲಿ ಬಾಗಿಲು ಮುಚ್ಚಿದ ಶಾಲೆಗಳ ಮಕ್ಕಳಿಗಾಗಿ ದೂರದರ್ಶನದ ಚಂದನ ವಾಹಿನಿ ಪಾಠಗಳನ್ನು ಪ್ರಸಾರಮಾಡಿತು. ಇವೆಲ್ಲಕ್ಕೂ ಮುಂಚೆ, 1935ರಲ್ಲಿ, ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅನಂತರ ಬಂದ ಬಾನುಲಿ ನಾಟಕಗಳು ವೇಷವಿಲ್ಲದೆ, ಪರದೆಯಿಲ್ಲದೆ, ದನಿಯೊಂದರಿಂದಲೇ ಎಷ್ಟು ಮನೆಗಳಲ್ಲಿ ರಂಗವನ್ನು ಕಟ್ಟಿದುವೆಂಬುದನ್ನು ಹಿರಿಯ ವಾಚಕರು ಬಲ್ಲರು.

ಕಳೆದ ಎರಡು ವರ್ಷಗಳಲ್ಲಿ ನಮ್ಮ ಭಾಗದ ಹತ್ತನೆಯ ತರಗತಿಯ ಮಕ್ಕಳಿಗಾಗಿ ನಡೆದ ಕೆಲವು ನೇರ ಪಾಠಗಳಲ್ಲಿ ನಾನೂ ಭಾಗಿಯಾಗಿದ್ದೇನೆ. ಆ ಅನುಭವದಿಂದ ಎರಡು ಮಾತುಗಳನ್ನು ಧೈರ್ಯವಾಗಿ ಹೇಳಬಲ್ಲೆ.

ಮೊದಲನೆಯದು, ದನಿಯ ಮಹಿಮೆ. ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಮಕ್ಕಳು ಓದುತ್ತ ಬಂದಿರುವ 'ಛಲಮನೆ ಮೆರೆವೆಂ' ರನ್ನನ ಗದಾಯುದ್ಧದಿಂದ ಆಯ್ದ ಭಾಗ. ಶರಶಯ್ಯೆಯ ಭೀಷ್ಮನು ಸಂಧಿಯ ಮಾತಾಡುತ್ತಾನೆ, ದುರ್ಯೋಧನ ಒಲ್ಲೆನೆನ್ನುತ್ತಾನೆ. ಚಂಪೂಕಾವ್ಯವಾದರೂ ಇದರೊಳಗೆ ನಾಟಕವೊಂದು ಅಡಗಿದೆಯೆಂದು ಕಂಡುಕೊಂಡು ಬಿ. ಎಂ. ಶ್ರೀಕಂಠಯ್ಯನವರು 'ಗದಾಯುದ್ಧ ನಾಟಕಂ' ಎಂಬುದಾಗಿ ಅದನ್ನು ರಂಗಕ್ಕೆ ಹೊಂದಿಸಿದರು. ಹಳಗನ್ನಡದ ಈ ಪದ್ಯಗಳನ್ನು ಕಣ್ಣಿನಿಂದ ಓದುವ ಹುಡುಗನಿಗೆ ಮೊದಲು ಕಾಣುವುದು ಕಠಿಣ ಪದಗಳ ಪಟ್ಟಿ. ಅದನ್ನೇ ದನಿಬಲ್ಲವರೊಬ್ಬರು ಬಿಡಿಸಿ ಓದಿದಾಗ, ಪದದ ಅರ್ಥ ತಿಳಿಯುವ ಮುನ್ನವೇ ಛಲದ ಅರ್ಥ ತಿಳಿಯುತ್ತದೆ. ಈ ಕೆಲಸವನ್ನು ತೆರೆ ಚೆನ್ನಾಗಿ ಮಾಡಬಲ್ಲುದು.

ಎರಡನೆಯದು, ಮೌನದ ಸಂಕಟ. ಅದೇ ಪಠ್ಯದಲ್ಲಿ ಪು. ತಿ. ನರಸಿಂಹಾಚಾರ್ಯರ ಗೀತನಾಟಕ 'ಶಬರಿ' ಇದೆ. ಅದರ ಜೀವವೆಲ್ಲ ನಿರೀಕ್ಷೆಯಲ್ಲಿದೆ. ಕಾಯುವ ಮುದುಕಿ ನಿಲ್ಲಬೇಕು, ಆಲಿಸಬೇಕು, ಮಾತು ಬಾರದೆ ತಡವರಿಸಬೇಕು. ರಂಗದ ಮೇಲಾದರೆ ಆ ನಿಲುಗಡೆಯಲ್ಲಿ ಪ್ರೇಕ್ಷಕರ ಉಸಿರೂ ನಿಲ್ಲುತ್ತದೆ. ತೆರೆಯ ಮೇಲೆ ಓದುತ್ತಿದ್ದವರು ಹಾಗೆ ನಿಂತರೆ ಮಕ್ಕಳು "ನೆಟ್‌ವರ್ಕ್ ಹೋಯಿತು, ಸಾರ್" ಎನ್ನುತ್ತಾರೆ. ಇದರಲ್ಲಿ ಮಕ್ಕಳ ತಪ್ಪಿಲ್ಲ. ಆ ಸಾಧನದಲ್ಲಿ ಮೌನವೆಂದರೆ ಕೆಟ್ಟುಹೋದದ್ದೆಂಬ ಅರ್ಥವೇ ರೂಢಿಯಾಗಿದೆ. ಭರತನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕವೆಂದು ಅಭಿನಯವನ್ನು ನಾಲ್ಕಾಗಿ ಹೇಳಿದ್ದಾನೆ. ಮೊದಲ ಮೂರನ್ನು ತೆರೆ ಅಷ್ಟಿಷ್ಟಾದರೂ ಹೊತ್ತು ತರುತ್ತದೆ. ನಾಲ್ಕನೆಯದಕ್ಕೆ ನಟನೂ ಸಹೃದಯನೂ ಒಂದೇ ಗಾಳಿಯಲ್ಲಿ ಕುಳಿತಿರಬೇಕಾಗುತ್ತದೆ.

ಆದರೆ ನನ್ನ ಮುಖ್ಯ ಆಕ್ಷೇಪ ಇದಲ್ಲ. ಗುರುವಿನ ಅಭಿನಯದಲ್ಲಿ ಒಂದಂಶ ಸೋರಿಹೋದರೆ ಸಹಿಸಬಹುದು. ಶಿಷ್ಯನ ಬಾಯಿಯೇ ಮುಚ್ಚಿಹೋಗುವುದನ್ನು ಸಹಿಸಲಾಗದು. ನೇರ ಪಾಠ ಆರಂಭವಾದೊಡನೆ ನಡೆಯುವ ಮೊದಲ ಕಾರ್ಯವೇನು? ಗದ್ದಲವಾಗದಿರಲೆಂದು ಎಲ್ಲ ಶಾಲೆಗಳ ಮೈಕುಗಳನ್ನೂ ಮುಚ್ಚುವುದು. ಗಣಿತಕ್ಕೆ ಇದರಿಂದ ಹೆಚ್ಚು ಬಾಧಕವಿಲ್ಲ. ಹುಡುಗ ತನ್ನ ಪುಸ್ತಕದಲ್ಲಿ ಲೆಕ್ಕ ಮಾಡಿಕೊಳ್ಳಬಹುದು. ನಾಟಕವಾದರೆ ಆಡಿದಾಗಲೇ ಕಲಿತಂತೆ. ಐವತ್ತು ಮಕ್ಕಳನ್ನು ಸಾಲಾಗಿ ಕೂರಿಸಿ, ಅವರ ಬಾಯಿಗೆ ಬೀಗ ಹಾಕಿ, ನಾಟಕ ಕಲಿಸಿದೆವೆಂದು ವರದಿ ಬರೆದರೆ, ಕೆರೆಯ ದಂಡೆಯಲ್ಲಿ ಕೂರಿಸಿ ಈಜು ಕಲಿಸಿದಂತೆಯೇ ಸರಿ.

ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಹೆಚ್ಚೆಂಬ ಕಲಹ ಹುಟ್ಟುತ್ತದೆ. ಕೆಲವರಿಗೆ ವಿದ್ಯೆ ತಮ್ಮಲ್ಲಿ ಚೆನ್ನಾಗಿರುತ್ತದೆ, ಕೆಲವರಿಗೆ ಅದನ್ನು ಇನ್ನೊಬ್ಬರಿಗೆ ದಾಟಿಸುವ ಶಕ್ತಿ ಹೆಚ್ಚು, ಎರಡೂ ಉಳ್ಳವನೇ ಶ್ರೇಷ್ಠ ಗುರು ಎಂಬ ವಿವೇಕದ ಮಾತು ಅಲ್ಲಿ ಬರುತ್ತದೆ. ಪರೀಕ್ಷೆಗೆ ಗುರುಗಳನ್ನು ಕುಣಿಸುವುದಿಲ್ಲ. ಶಿಷ್ಯೆ ಮಾಲವಿಕೆ ರಂಗಕ್ಕೆ ಬರುತ್ತಾಳೆ. ನೇರ ಪಾಠಗಳನ್ನು ಅಳೆಯುವವರು ಎಷ್ಟು ಶಾಲೆ ಸೇರಿದವು, ಎಷ್ಟು ಗಂಟೆ ಪ್ರಸಾರವಾಯಿತು ಎಂದು ಎಣಿಸುವುದಕ್ಕೆ ಮೊದಲು ಈ ಪ್ರಸಂಗವನ್ನು ಓದಿಕೊಳ್ಳುವುದು ಒಳ್ಳೆಯದು.

ಪರದೇಶಗಳಲ್ಲಿ ಏನು ಮಾಡಿದ್ದಾರೆ? ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಲ್ಲಿ ರಾಸೀನನ 'ಫೇದ್ರ'ವನ್ನು ತನ್ನ ರಂಗದಿಂದ ನೇರವಾಗಿ ಚಿತ್ರಮಂದಿರಗಳಿಗೆ ಪ್ರಸಾರಮಾಡಿತು. ರಾಯಲ್ ಷೇಕ್ಸ್‌ಪಿಯರ್ ಕಂಪನಿ 2013ರಲ್ಲಿ 'ಎರಡನೆಯ ರಿಚರ್ಡ್'ನಿಂದ ತೊಡಗಿ ಶಾಲೆಗಳಿಗೂ ಇಂಥ ಪ್ರಸಾರವನ್ನು ಒದಗಿಸಿತು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅವರ ಕ್ಯಾಮೆರಾ ರಂಗದತ್ತ ತಿರುಗಿದೆ, ನಮ್ಮದು ಕರಿಹಲಗೆಯತ್ತ.

ನಮಗೆ ತೋರಿಸಲು ರಂಗವಿಲ್ಲವೆ? ತುಮಕೂರು ಜಿಲ್ಲೆಯವರು ಹಾಗೆನ್ನುವಂತಿಲ್ಲ. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ, ಈ ಜಿಲ್ಲೆಯಲ್ಲಿ. ಅದೇ ವರ್ಷ ಇದೇ ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ ಮೇಲೆ ಹೇಳಿದ ಶ್ರೀಕಂಠಯ್ಯನವರು ಜನಿಸಿದರು. ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆ ವೈಭವ ಹೋಯಿತು. ಕುರುಕ್ಷೇತ್ರ ಮಾತ್ರ ನಮ್ಮ ಹಳ್ಳಿಗಳನ್ನು ಬಿಟ್ಟುಹೋಗಲಿಲ್ಲ. ಇಂದಿಗೂ ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬರುತ್ತಾರೆ. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ತಾಲೀಮಿಗೆ ಕೂರುತ್ತಾರೆ. ತಮ್ಮ ಪಾತ್ರಕ್ಕೆ ತಾವೇ ಹಣ ತೆತ್ತು, ಸೀನರಿಯನ್ನು ಬಾಡಿಗೆಗೆ ತರಿಸಿ, ಬೆಳಗಿನವರೆಗೆ ಆಡುತ್ತಾರೆ. ದುರ್ಯೋಧನನ ಪಾತ್ರಕ್ಕಂತೂ ಪೈಪೋಟಿ. ತರಗತಿಯಲ್ಲಿ ರನ್ನನ ದುರ್ಯೋಧನನಿಗೆ ಹೆದರುವ ಹುಡುಗನ ಚಿಕ್ಕಪ್ಪನೇ ಊರಿನಲ್ಲಿ ಗದೆ ಹಿಡಿದ ದುರ್ಯೋಧನನಾಗಿರುವುದುಂಟು! ಇವರಿಬ್ಬರನ್ನು ಪರಿಚಯಿಸುವ ಯೋಚನೆ ನಮ್ಮ ಪಾಠಕ್ರಮಕ್ಕೆ ಬಂದಿಲ್ಲ.

ಹಳ್ಳಿಯ ಕುರುಕ್ಷೇತ್ರ ಕಂಪನಿ ನಾಟಕದ ಶೈಲಿಯದು, ಅತಿಯಾದ ಆರ್ಭಟ, ಶುದ್ಧ ಸಾಹಿತ್ಯಕ್ಕೆ ಹೊಂದದು ಎಂದು ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಹೇಳುವುದುಂಟು. ಆರ್ಭಟವಿದೆ, ನಿಜ. ಅದನ್ನು ತಿದ್ದಬಹುದು. ಮಾತೇ ಹೊರಡದ ಬಾಯಿಯಲ್ಲಿ ತಿದ್ದುವುದಕ್ಕೆ ಏನಿರುತ್ತದೆ?

ಆದುದರಿಂದ ನೇರ ಪಾಠಗಳನ್ನು ಏರ್ಪಡಿಸುವವರ ಮುಂದೆ ನನ್ನ ಸೂಚನೆಗಳು ಇವು. ನಾಟಕದ ಪಾಠದಲ್ಲಿ ಅರ್ಧ ಕಾಲವಾದರೂ ಮಕ್ಕಳ ದನಿಗೆ ಮೀಸಲಾಗಿರಲಿ. ದೂರದ ದನಿ ತುಸು ತಡವಾಗಿ ಬರುವುದರಿಂದ ಎಲ್ಲ ಶಾಲೆಗಳೂ ಒಟ್ಟಾಗಿ ನುಡಿಯಲಾಗದು. ಒಂದು ವಾರ ಶಿರಾ ತಾಲ್ಲೂಕಿನ ಶಾಲೆಯೊಂದು ದೃಶ್ಯವನ್ನು ಓದಲಿ, ಉಳಿದವರು ಕೇಳಿ ವಿಮರ್ಶಿಸಲಿ. ಮರುವಾರ ಪಾವಗಡದವರ ಸರದಿ. ತೆರೆಯ ಮೇಲೆ ಅಧ್ಯಾಪಕರೊಬ್ಬರೇ ಕಾಣಿಸಿಕೊಳ್ಳದೆ, ಊರಿನ ಅನುಭವಿ ಪಾತ್ರಧಾರಿಯೂ ಬಂದು ಒಂದು ಪದ್ಯವನ್ನು ಹೇಳಿ ತೋರಿಸಲಿ. ಪ್ರತಿಯೊಂದು ಶಾಲೆಯಲ್ಲಿ ತರಗತಿಯ ಉಪಾಧ್ಯಾಯರು ಮಕ್ಕಳ ನಡುವೆ ನಿಂತಿರಲಿ. ತೆರೆ ಅವರಿಗೆ ಸಹಾಯಕವಾಗಲಿ, ಅವರ ಹುದ್ದೆಯನ್ನು ಖಾಲಿ ಬಿಡುವುದಕ್ಕೆ ನೆಪವಾಗದಿರಲಿ. ಕೊನೆಯದಾಗಿ, ವರ್ಷಕ್ಕೊಮ್ಮೆಯಾದರೂ ಮಕ್ಕಳು ನಿಜವಾದ ರಂಗದ ಮುಂದೆ ಕುಳಿತು ನಾಟಕ ನೋಡಲಿ. ಹೆಗ್ಗೋಡಿನ ನೀನಾಸಂ 1985ರಿಂದ ತನ್ನ ತಿರುಗಾಟದ ಮೂಲಕ ನಾಡಿನ ಊರೂರಿಗೆ ನಾಟಕವನ್ನು ಒಯ್ದಿದೆ. ನೆರೆಯ ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಿಂದ ಶಿವಸಂಚಾರ ಹೊರಡುತ್ತದೆ. ಅಂಥ ತಂಡವೊಂದನ್ನು ತಾಲ್ಲೂಕು ಕೇಂದ್ರಕ್ಕೆ ಕರೆಸುವುದು ನಮ್ಮ ಶಕ್ತಿಗೆ ಮೀರಿದ್ದಲ್ಲ.

ಇದಕ್ಕೆಲ್ಲ ಸಮಯವೆಲ್ಲಿ, ಪರೀಕ್ಷೆಯ ಫಲಿತಾಂಶದ ಗತಿಯೇನು ಎಂದು ಕೇಳುವವರಿದ್ದಾರೆ. ಅವರ ಕಷ್ಟ ನನಗೆ ತಿಳಿಯದ್ದಲ್ಲ; ಶೇಕಡಾವಾರು ಅಂಕಿಗಳ ಭಾರ ಮೊದಲು ಬೀಳುವುದು ಉಪಾಧ್ಯಾಯರ ಹೆಗಲಿನ ಮೇಲೆಯೇ. ಆದರೆ ಭೀಷ್ಮನ ಮಾತನ್ನೊಮ್ಮೆ ತಾನೇ ಆಡಿದ ಹುಡುಗಿಗೆ ಅದನ್ನು ಯಾರು ಯಾರಿಗೆ ಹೇಳಿದರೆಂದು ಕಂಠಪಾಠ ಮಾಡಿಸಬೇಕಾಗಿಲ್ಲ.

ಹದಿನೈದು ಹದಿನಾರರ ವಯಸ್ಸು ತನ್ನ ದನಿ ತನಗೇ ಹೊಸದಾಗಿ ಕೇಳಿಸುವ ಕಾಲ. ಇನ್ನೊಬ್ಬರ ಕೋಪವನ್ನು, ದುಃಖವನ್ನು, ಹಟವನ್ನು ತನ್ನ ಬಾಯಲ್ಲಿ ಆಡಿನೋಡುವ ಅವಕಾಶ ಆಗ ದೊರೆತರೆ ಮನುಷ್ಯರನ್ನು ಅರಿಯುವ ಬಾಗಿಲೊಂದು ತೆರೆಯುತ್ತದೆ. ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಹತ್ತನೆಯ ತರಗತಿಯ ಅನಂತರ ಓದು ನಿಲ್ಲಿಸುವ ಮಕ್ಕಳು ಇದ್ದಾರೆ. ಅವರಿಗೆ ಈ ಅವಕಾಶ ಮತ್ತೆ ಬರುವುದಿಲ್ಲ. ಕನ್ನಡದ ಒಂದು ನಾಟಕದ ಒಂದು ಮಾತನ್ನಾದರೂ ಗಟ್ಟಿಯಾಗಿ ಆಡದೆ ಯಾವ ಮಗುವೂ ಶಾಲೆಯ ಹೊಸ್ತಿಲನ್ನು ದಾಟಬಾರದು. ಆ ಕೆಲಸಕ್ಕೆ ನೆರವಾಗುವುದಾದರೆ ತೆರೆಯ ಮೇಲಿನ ಗುರುವಿಗೂ ಸ್ವಾಗತ.