ಜಗಳ ಸಾಕು, ಆಟ ತೋರಿಸಿ



2025ರ ಸೆಪ್ಟೆಂಬರ್ 28ರಂದು ದುಬೈನಲ್ಲಿ ಕ್ರಿಕೆಟ್ ಏಷ್ಯಾ ಕಪ್ ಫೈನಲ್ ಮುಗಿದ ಮೇಲೆ ಟಿ.ವಿ.ಯಲ್ಲಿ ಒಂದೇ ರಗಳೆ: ಭಾರತದ ಆಟಗಾರರು ಕೈಕುಲುಕಲಿಲ್ಲ, ಟ್ರೋಫಿ ಪಡೆಯಲಿಲ್ಲ. ಅದೂ ಸುದ್ದಿಯೇ, ಒಪ್ಪೋಣ. ಆದರೆ 20 ರನ್‌ಗೆ 3 ವಿಕೆಟ್ ಬಿದ್ದಾಗ ಗಟ್ಟಿಯಾಗಿ ನಿಂತು ಅಜೇಯ 69 ಹೊಡೆದ ತಿಲಕ್ ವರ್ಮಾ ಆಟ ಆ ಗದ್ದಲದಲ್ಲಿ ಮಂಕಾಯಿತು.

ಅದೇ ತಿಂಗಳ 7ರಂದು ರಾಜಗೀರ್‌ನಲ್ಲಿ ಕೊರಿಯಾವನ್ನು 4–1ರಿಂದ ಮಣಿಸಿ ಭಾರತ ಹಾಕಿ ಏಷ್ಯಾ ಕಪ್ ಗೆದ್ದು, ವಿಶ್ವಕಪ್‌ಗೂ ಅರ್ಹತೆ ಪಡೆಯಿತು. ಅಲ್ಲಿ ಜಗಳವಿರಲಿಲ್ಲವಲ್ಲ, ಚರ್ಚೆಯೂ ಇರಲಿಲ್ಲ! ಜನರಿಗೆ ಆಟದ ಮೇಲೆ ಆಸಕ್ತಿ ಇಲ್ಲವೆಂದಲ್ಲ: 2024ರಲ್ಲಿ ನಮ್ಮ ನಾಪೋಕ್ಲುವಿನ ಕೌಟುಂಬಿಕ ಹಾಕಿ ಟೂರ್ನಿಗೆ 360 ಕೊಡವ ಕುಟುಂಬಗಳ ತಂಡಗಳು ಬಂದಿದ್ದವು. ಪೆನಾಲ್ಟಿ ಕಾರ್ನರ್ ಹೇಗೆ ತಪ್ಪಿತೆಂದು ಇಲ್ಲಿನ ಅಜ್ಜಿಯರೂ ವಾದಿಸುತ್ತಾರೆ. ಕ್ರೀಡಾ ವಾಹಿನಿಗಳು ಮೊದಲು ಆಟದ ವಿಶ್ಲೇಷಣೆ ಕೊಡಲಿ, ವಿವಾದವನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಲಿ.

– ಹಾಕಿ ಅಭಿಮಾನಿ, ನಾಪೋಕ್ಲು, ಕೊಡಗು