ಹ್ಯಾಚರಿಗೆ ಮೊದಲು ದೊಡ್ಡ ಟ್ಯಾಂಕ್, ಆಮೇಲೆ ಸೋಲಾರ್

ಮೀನುಮರಿ ಮಾಡುವವರ ಕರೆಂಟ್ ಬಿಲ್ ವಿಷಯ ಬಂದಾಗಲೆಲ್ಲ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಸೋಲಾರ್ ಹಾಕಿಸಿ. ನನ್ನದು ಭದ್ರಾ ಅಚ್ಚುಕಟ್ಟಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಮಳೆಗಾಲದಲ್ಲಿ ಸರಿರಾತ್ರಿ ನನ್ನನ್ನು ಎಬ್ಬಿಸುವವರಲ್ಲಿ ಹೆಚ್ಚಿನವರು ಹ್ಯಾಚರಿಯವರೇ. ಸೋಲಾರ್ ಬೇಡ ಎನ್ನುತ್ತಿಲ್ಲ. ಆದರೆ ಮೊದಲು ಆಗಬೇಕಾದ ಕೆಲಸ ಬೇರೆ ಇದೆ.

ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮೊಟ್ಟೆ ಇಡುವುದು ಮಳೆ ಹಿಡಿದ ಮೇಲೆ, ಆಕಾಶ ಮುಚ್ಚಿಕೊಂಡಿರುವ ದಿನಗಳಲ್ಲಿ. ಸಂಜೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟರೆ ಅದೇ ರಾತ್ರಿ ಮೊಟ್ಟೆ ಬೀಳುತ್ತವೆ. 14ರಿಂದ 18 ಗಂಟೆಯಲ್ಲಿ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. ಅಲ್ಲಿಂದ ಇನ್ನೂ ಮೂರು ದಿನ, ಮರಿಯ ಹೊಟ್ಟೆಯಡಿಯ ಹಳದಿ ಚೀಲ ಕರಗುವವರೆಗೆ, ದುಂಡು ತೊಟ್ಟಿಯಲ್ಲಿ ನೀರು ಹಗಲೂ ರಾತ್ರಿ ಸುತ್ತುತ್ತಲೇ ಇರಬೇಕು. ನೆನೆಸಿದ ಸಾಬಕ್ಕಿಯಂತೆ ಉಬ್ಬಿದ ಲಕ್ಷಾಂತರ ಮೊಟ್ಟೆಗಳು ಆ ಸುತ್ತಿನಲ್ಲಿ ತೇಲುತ್ತಿರುತ್ತವೆ. ನೀರು ನಿಂತಿತೋ, ತಳಕ್ಕೆ ಕೂತು ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುತ್ತವೆ. ಸೂರ್ಯನ ಮುಖವೇ ಕಾಣದ ತಿಂಗಳಲ್ಲಿ, ಅದೂ ರಾತ್ರಿ ಎರಡು ಗಂಟೆಗೆ, ಬರೀ ಫಲಕವನ್ನು ನಂಬಿ ಆ ತೊಟ್ಟಿ ನಡೆಸಲಾಗದು. ಗ್ರಿಡ್‌ಗೆ ಜೋಡಿಸಿದರೆ ವರ್ಷದ ಬಿಲ್ಲು ಇಳಿಯುತ್ತದೆ, ಸರಿ. ಆದರೆ ಪೋಲಾಗುವ ಕರೆಂಟು ಪೋಲಾಗುತ್ತಲೇ ಇರುತ್ತದೆ.

ಎಷ್ಟು ಪೋಲು? ಒಂದು ತೊಟ್ಟಿಗೆ ಸೆಕೆಂಡಿಗೆ 2 ಲೀಟರ್ ನೀರು ಅಂತಿಟ್ಟುಕೊಳ್ಳಿ. ದಿನಕ್ಕೆ 1,72,800 ಲೀಟರ್ ಆಯಿತು. ಅದನ್ನು 10 ಮೀಟರ್ ಎತ್ತರಕ್ಕೆ ಏರಿಸಲು ನಿಜಕ್ಕೂ ಬೇಕಾದದ್ದು 5 ಯೂನಿಟ್‌ಗೂ ಕಡಿಮೆ. ಪಂಪು, ಮೋಟರ್ ಎರಡೂ ಸೇರಿ ಅರ್ಧ ತಿಂದುಹಾಕಿದರೂ 10 ಯೂನಿಟ್ ಸಾಕು. ನಾನು ಕಾಣುವುದು ಬೇರೆಯೇ. ಚಿಕ್ಕದೊಂದು ಟ್ಯಾಂಕ್, ಕೆಳಗೆ 5 ಎಚ್.ಪಿ. ಮೋಟರ್, ನೀರು ಜಾಸ್ತಿಯಾಯಿತೆಂದು ಅರ್ಧ ತಿರುಗಿಸಿ ಬಿಟ್ಟ ಗೇಟ್ ವಾಲ್ವ್. ಆ ವಾಲ್ವ್ ಮೇಲೆ ಕೈಯಿಟ್ಟರೆ ಒಳಗೆ ನೀರು ಒದ್ದಾಡುವುದು ಅಂಗೈಗೆ ಗೊತ್ತಾಗುತ್ತದೆ. ಪೂರ್ತಿ ಲೋಡ್‌ನಲ್ಲಿ ಆ ಮೋಟರ್ ಒಂದು ದಿನ ಓಡಿದರೆ 90 ಯೂನಿಟ್‌ಗೂ ಹೆಚ್ಚು. ವಾಲ್ವ್ ಮುಚ್ಚಿದಾಗ ಕರೆಂಟು ಸ್ವಲ್ಪ ಇಳಿಯುವುದು ಹೌದು, ನೀರು ಇಳಿದಷ್ಟು ಇಳಿಯುವುದಿಲ್ಲ.

ದೊಡ್ಡ ಮೋಟರ್ ಇಟ್ಟವರನ್ನು ದೂರಲು ನನಗೆ ಮನಸ್ಸಿಲ್ಲ. ಒಂದು ರಾತ್ರಿ ಕರೆಂಟು ಹೋದರೆ ಇಡೀ ಸೀಸನ್ನಿನ ದುಡಿಮೆ ಹೋಗುತ್ತದೆ ಎನ್ನುವ ಭಯ ಅವರದು, ಭಯ ಸುಳ್ಳೂ ಅಲ್ಲ. ಆ ಭಯಕ್ಕೆ ಮದ್ದು ಎತ್ತರದಲ್ಲಿರುವ ದೊಡ್ಡ ಟ್ಯಾಂಕ್. 20,000 ಲೀಟರ್ ನೀರು ಮೇಲಿದ್ದರೆ ಮೇಲೆ ಹೇಳಿದ ತೊಟ್ಟಿ ಮೋಟರ್ ಇಲ್ಲದೆ ಎರಡೂಮುಕ್ಕಾಲು ಗಂಟೆ ನಡೆಯುತ್ತದೆ. ಮರ ಬಿದ್ದು ತಂತಿ ಹರಿದರೂ ಲೈನ್‌ಮನ್ ಬರುವ ತನಕ ಉಸಿರಾಡಬಹುದು. ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಕೂರಿಸಿದರೆ ಮೋಟರ್ ಪೂರ್ತಿ ತೆರೆದ ವಾಲ್ವ್‌ನಲ್ಲಿ ಓಡಿ, ತುಂಬಿದೊಡನೆ ನಿಲ್ಲುತ್ತದೆ.

ಎರಡನೆಯದು ಪೈಪು. ಎರಡು ಇಂಚಿನ ಬದಲು ಎರಡೂವರೆ ಇಂಚು ಹಾಕಿದರೆ ಅಷ್ಟೇ ನೀರಿಗೆ ಪೈಪಿನೊಳಗಿನ ತಿಕ್ಕಾಟ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗೆಯೇ, ತೊಟ್ಟಿಯಿಂದ ಹೊರಬೀಳುವ ನೀರನ್ನು ಚರಂಡಿಗೆ ಬಿಡುವುದೇಕೆ? ಜಾಗದ ಇಳಿಜಾರು ನೋಡಿ ಕಟ್ಟಿದ್ದರೆ ಅದೇ ನೀರು ತಾನಾಗಿ ತಾಯಿಮೀನಿನ ಕೊಳಕ್ಕೆ ಹರಿಯುತ್ತದೆ. ಕಟ್ಟಿದ ಮೇಲೆ ಇದನ್ನು ಸರಿಪಡಿಸುವುದು ಕಷ್ಟ. ನಕ್ಷೆ ನೋಡಿ ಸಹಿ ಹಾಕುವವರು ಅಲ್ಲೇ ಕೇಳಬೇಕು.

2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹ್ಯಾಚರಿ ಕಟ್ಟಲು ಸಾಮಾನ್ಯ ವರ್ಗದವರಿಗೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ ಇಟ್ಟರು. ಇಂಥ ಸರ್ಕಾರಿ ಹಣ ಕೊಡುವ ಮುಂಚೆ ಮೂರು ಪ್ರಶ್ನೆ ಕಡ್ಡಾಯವಾಗಲಿ: ಟ್ಯಾಂಕಿನಲ್ಲಿ ಎಷ್ಟು ಗಂಟೆಯ ನೀರು ನಿಲ್ಲುತ್ತದೆ, ಪೈಪು ಎಷ್ಟು ಇಂಚು, ಒಂದು ಲಕ್ಷ ಮರಿಗೆ ಎಷ್ಟು ಯೂನಿಟ್ ಖರ್ಚು. ಹಳೆಯ ಹ್ಯಾಚರಿಗಳಿಗೂ ಟ್ಯಾಂಕ್, ಪೈಪು ಬದಲಿಸಲು ನೆರವು ಸಿಗಲಿ.

ಅಲ್ಲಿಯವರೆಗೆ ಕಾಯದೆ ಮಾಡಬಹುದಾದದ್ದೂ ಇದೆ. ನೀರು ಹೀರುವ ಪೈಪಿನ ತುದಿಯ ಫುಟ್ ವಾಲ್ವ್ ಮೇಲೆತ್ತಿದರೆ ಪಾಚಿ, ಹರಿದ ಬಲೆಯ ನೈಲಾನ್ ದಾರ ಸುತ್ತಿಕೊಂಡಿರುವುದು ಮಾಮೂಲು. ಅದನ್ನು ಬಿಚ್ಚಿ ತೊಳೆಯಿರಿ, ಸವೆದ ಇಂಪೆಲ್ಲರ್ ಬದಲಿಸಿ. ಮೇ ತಿಂಗಳಲ್ಲೇ ಮಾಡಿಸಿ, ಮಳೆ ಶುರುವಾದ ಮೇಲೆ ನಿಮಗೂ ಬಿಡುವಿಲ್ಲ, ನಮಗೂ ಇಲ್ಲ.